ಹೊರಡುವ ಚೀಟಿ

ಕುರಿರೊಪ್ಪದ ಬಾಗಿಲ ಸಂದಿಯಲ್ಲಿ ಕಂಡ ಚೀಟಿಯನ್ನು ಜುಂಜಮ್ಮ ಕೈಯಿಂದ ಮುಟ್ಟಲಿಲ್ಲ. ಎರಡು ಕಡ್ಡಿಯಲ್ಲಿ ಹಿಡಿದು ಎಳೆದಳು. ಒಂದೇ ವಾರದಲ್ಲಿ ಎರಡು ಮರಿ ಸತ್ತಿದ್ದವು. ಮನೆಯೊಳಗೆ ಹುಡುಕಿದರೆ ಇನ್ನೂ ಮೂರು: ಒಲೆಯ ಹಿಂದೆ, ಲೈಟಿನ ಸ್ವಿಚ್ಚಿನ ಕೆಳಗೆ, ತಲೆಬಾಗಿಲಿನ ಮರೆಯಲ್ಲಿ.

ನಾಲ್ಕನ್ನೂ ಮೊರಕ್ಕೆ ಹಾಕಿಕೊಂಡು ಅಂಗಳದಲ್ಲಿ ಕೂತು ಸೊಸೆಯನ್ನು ಕರೆದಳು. "ಯಾರೇ ಮಾಡಿಸ್ಕೊಟ್ಟೋರು? ಯಾರ ಮ್ಯಾಲೆ ಮಾಡ್ಸಿದ್ದೀ?"

ಮದುವೆಯಾಗಿ ಎಂಟು ತಿಂಗಳಾಗಿದ್ದ ಕಾವ್ಯಶ್ರೀಯ ಮುಖ ಬಿಳಿಚಿತು. "ಮಾಟ ಅಲ್ಲತ್ತೆ, ಇಂಗ್ಲಿಷು. ಡಿಗ್ರೀದು ಅದೊಂದೇ ಉಳ್ದೈತೆ. ಎರಡು ಸಲ ಫೇಲಾಗೀನಿ. ಸೋಮವಾರ ದುರ್ಗದಾಗೆ ಪರೀಕ್ಷೆ. ನಗ್ತೀರಂತ ಹೇಳ್ಲಿಲ್ಲ."

"ಓದೋಕೆ ಪುಸ್ತಕ ಇಲ್ಲೇನು? ರೊಪ್ಪಕ್ಯಾಕೆ ಸಿಗಿಸ್ದೆ?"

"ಅದೇ ಮಾತಿಗೆ ಕೊನೇ ಸಣ್ಣ ಪದ ಬದ್ಲಾದ್ರೆ ಅರ್ಥನೇ ಬ್ಯಾರೆ ಆಗುತ್ತೆ. ಪುಸ್ತಕದಾಗೆ ಓದಿದ್ರೆ ನಿಲ್ಲಲ್ಲ. ಕೆಲ್ಸ ಮಾಡೋ ಜಾಗದಾಗೆ ಇಟ್ರೆ ನೆಪ್ಪಿರುತ್ತೆ. ಇದು ಲೆಟ್ ಔಟ್, ಕುರಿ ಹೊರಗೆ ಬಿಡೋದು. ಇದು ಪುಟ್ ಔಟ್, ಒಲೆ ಆರಿಸೋದು. ಟರ್ನ್ ಆಫ್, ಲೈಟಿಗೆ. ಇದು ಸೆಟ್ ಆಫ್..." ಕಾವ್ಯಶ್ರೀ ತಡೆದಳು. "ಹೊರಡೋದು."

ಜುಂಜಮ್ಮನಿಗೆ ಅಕ್ಷರ ಬಾರದು. ಆದರೆ ಒಲೆಯ ಚೀಟಿಗೆ ಮಸಿ ಹಿಡಿದಿತ್ತು, ರೊಪ್ಪದ್ದಕ್ಕೆ ಹಿಕ್ಕೆ ಮೆತ್ತಿತ್ತು, ಸ್ವಿಚ್ಚಿನದರಲ್ಲಿ ಬೆರಳಿನ ಎಣ್ಣೆಯಿತ್ತು. ಬಾಗಿಲಿನದು ಮಾತ್ರ ಹೊಸದರಂತಿತ್ತು. ಸೆರಗಿನ ಮರೆಯಲ್ಲಿ ಅವನ್ನು ಕಲಸಿ, ಕಲೆ ಕಾಣದಂತೆ ಹೆಬ್ಬೆರಳಲ್ಲಿ ಮುಚ್ಚಿ, ಒಂದೊಂದಾಗಿ ಮುಂದೆ ಹಿಡಿದಳು. "ಈಗ ಹೇಳು ನೋಡಾಣ." ಸೊಸೆ ಹೇಳಿದಳು. ಮತ್ತೆ ಕಲಸಿದಳು. ಮೂರು ಸಲವೂ ಒಂದೂ ತಪ್ಪಲಿಲ್ಲ.

ಮೂರು ಚೀಟಿ ಸೊಸೆಯ ಕೈಗೆ ಹೋದವು. ಬಾಗಿಲಿನದು ಜುಂಜಮ್ಮನ ಕೈಯಲ್ಲೇ ಉಳಿಯಿತು.

"ಹೊರಡೋದು ಅಂದ್ಯಲ್ಲ, ಎಲ್ಲಿಗೆ?"

"ಪರೀಕ್ಷೆಗೆ ಅತ್ತೆ."

"ನಿನ್ನ ಓರಗಿತ್ತೀನೂ ಹಿಂಗೇ ಅಂದಿದ್ಲು. ಪರೀಕ್ಷೆ ಅಂತ ದುರ್ಗದ ಬಸ್ ಹತ್ತಿದೋಳು, ಮೂರು ವರ್ಷ ಆತು, ತವರು ಬಿಟ್ಟು ಈ ಕಡೆ ಕಾಲಿಟ್ಟಿಲ್ಲ. ತಿರುಗಿ ಬರೋದಕ್ಕೆ ನಿಮ್ಮ ಇಂಗ್ಲಿಷ್‌ನಾಗೆ ಮಾತಿಲ್ಲೇನು?"

"ಐತತ್ತೆ. ಕಮ್ ಬ್ಯಾಕ್."

"ಮತ್ತೆ ಅದನ್ಯಾಕೆ ಬರೀಲಿಲ್ಲ?"

"ಅದು ನಂಗೆ ಮೊದ್ಲೇ ಗೊತ್ತು. ಗೊತ್ತಿಲ್ದಿದ್ದಷ್ಟೇ ಬರ್ದಿದ್ದು."

"ಗೊತ್ತಿದ್ರೂ ಬರಿ."

ಸೋಮವಾರ ಬೆಳಿಗ್ಗೆ ಮತ್ತೋಡಿನಲ್ಲಿ ದುರ್ಗದ ಬಸ್ಸಿನ ಮೆಟ್ಟಿಲ ಬಳಿ ಜುಂಜಮ್ಮ 'ಕಮ್ ಬ್ಯಾಕ್' ಬರೆಸಿದ ಹೊಸ ಚೀಟಿಯನ್ನು ಮಡಚಿ, ಕರಿ ಉಣ್ಣೆಯ ದಾರದಲ್ಲಿ ಸೊಸೆಯ ಬ್ಯಾಗಿನ ಹಿಡಿಗೆ ತಾಯತದಂತೆ ಬಿಗಿದಳು.

"ಅತ್ತೆ, ಚೀಟಿ ಕಂಡ್ರೆ ಕಾಪಿ ಅಂತ ಹಿಡೀತಾರೆ."

"ಬ್ಯಾಗು ಹೊರಗಿಟ್ಟು ಹೋಗು. ಬರುವಾಗ ತಗಂಡು ಬಾ."

ಕಂಡಕ್ಟರ್ 'ರೈಟ್' ಅಂದ. ಜುಂಜಮ್ಮ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ಕಿಟಕಿಯೊಳಗೆ ಕೈ ಹಾಕಿ, ಇನ್ನೊಂದು ಸಲ ಗಂಟು ಎಳೆದು ನೋಡಿದಳು.