ಅಣ್ಣತಮ್ಮಂದಿರ ದಿಕ್ಕು

ಕಡಲಿನಲ್ಲಿ ವೈರ್‌ಲೆಸ್ಸಿಗೆ ಗುಟ್ಟೆಂಬುದಿಲ್ಲ. ಒಬ್ಬ ಆಡಿದ್ದು ಸುತ್ತಲಿನ ಬೋಟುಗಳಿಗೆಲ್ಲ ಕೇಳುತ್ತದೆ. ಅದಕ್ಕೇ ವಾಮನನೂ ಅವನ ತಮ್ಮ ಶೇಷನೂ ತಮ್ಮೊಳಗೇ ಒಂದು ಮಾತು ಮಾಡಿಕೊಂಡಿದ್ದರು: ಮೀನಿನ ಹಿಂಡು ಕಂಡವನು ತೆಂಕು ಎಂದರೆ ಇನ್ನೊಬ್ಬ ಬಡಗಿಗೆ ಬರಬೇಕು, ಬಡಗು ಎಂದರೆ ತೆಂಕಿಗೆ. ಉಳಿದವರು ಸುಮ್ಮನೆ ಅಲೆದು ಬೈದುಕೊಳ್ಳುತ್ತಿದ್ದರು. ಇವರಿಬ್ಬರ ಬಲೆ ತುಂಬುತ್ತಿತ್ತು.

ಆ ಮಧ್ಯಾಹ್ನ ಗಾಳಿ ಎದ್ದಾಗ ವಾಮನನ ಕೈಯಲ್ಲಿದ್ದ ಸೆಟ್ಟು ಅರಚಿತು.

"ಅಣ್ಣಾ, ಬೋಟಿಗೆ ನೀರು ನುಗ್ತಾ ಉಂಟು! ನಿನ್ನಿಂದ ಬಡಗಿಗೆ ಇದ್ದೇನೆ, ಬೇಗ ಬಾ!"

ವರ್ಷಗಳ ರೂಢಿ. ವಾಮನನ ಕೈ ತಾನಾಗಿ ಚುಕ್ಕಾಣಿಯನ್ನು ತೆಂಕಿಗೆ ತಿರುಗಿಸಿತು.

"ಬಡಗು ಅಂದನಲ್ಲ ಮಾರಾಯ?" ಪಕ್ಕದ ಬೋಟಿನ ದೂಮಣ್ಣ ಸೆಟ್ಟಿನಲ್ಲಿ ಕೂಗಿದ.

"ಅವನ ಮಾತು ನನಗೆ ಗೊತ್ತುಂಟು. ಎಲ್ಲರೂ ನನ್ನ ಹಿಂದೆ ಬನ್ನಿ!"

ಒಡಹುಟ್ಟಿದವನಿಗಿಂತ ಹೆಚ್ಚು ಬಲ್ಲವರು ಯಾರು? ಇದ್ದ ಬೋಟುಗಳೆಲ್ಲ ಅವನನ್ನು ನಂಬಿ ಹಿಂಬಾಲಿಸಿದವು.

ತೆಂಕಿನಲ್ಲಿ ಬರೀ ಅಲೆ. ವಾಮನ ಕಣ್ಣು ಕಿರಿದು ಮಾಡಿ ಹುಡುಕುತ್ತಿರುವಾಗ ತಮ್ಮನ ದನಿ ಕೊನೆಯ ಬಾರಿಗೆ ಬಂತು.

"ಅಣ್ಣಾ, ನಿನ್ನ ಕೆಂಪು ಬಾವುಟ ನನಗೆ ಕಾಣ್ತಾ ಇತ್ತು... ಯಾಕೆ ಎಲ್ಲರನ್ನೂ ಕರ್ಕೊಂಡು ಬೆನ್ನು ಹಾಕಿ ಹೋದೆ?"