ಬೆನ್ನು ಹಾಕಿದ ಗಿಟಾರ್

ವರ್ನೀಸ್ ತನ್ನ ಪಬ್ಬಿನಲ್ಲಿ ಕುರ್ಚಿಯೊಂದರ ಕಾಲುಗಳನ್ನು ವೇದಿಕೆಯ ಹಲಗೆಗೆ ಮೊಳೆ ಹೊಡೆದು ಭದ್ರಪಡಿಸಿದಳು. ಕುರ್ಚಿಯ ಮುಖ ಜನ ಕೂರುವ ಕಡೆಗಿತ್ತು. ಈಗ ತಿರುಗಿಸು ನೋಡೋಣ ಎಂದು ಗೊಣಗಿ ಸುತ್ತಿಗೆ ಕೆಳಗಿಟ್ಟಳು.

ಮಧ್ಯಾಹ್ನ ಅವಳ ತಮ್ಮ ಟಾಲ್ಮೇಜ್ ಗಿಟಾರು ಹಿಡಿದು ಬಂದ. ಕುರ್ಚಿಯನ್ನು ಒಮ್ಮೆ ಎಳೆದು ನೋಡಿದ. ಅದರ ಮೇಲೆ ಟೋಪಿ ಇಟ್ಟ. ಖಾಲಿ ಬಿಯರ್ ಪೆಟ್ಟಿಗೆಯೊಂದನ್ನು ಮಗುಚಿ ಹಾಕಿ, ಎಂದಿನಂತೆ ಜನರಿಗೆ ಬೆನ್ನು ಹಾಕಿ ಕೂತ.

ವರ್ನೀಸಳ ಪಿತ್ತ ನೆತ್ತಿಗೇರಿತು. ಇಂಥ ಕೈ ಇಡೀ ಮಿಸಿಸಿಪ್ಪಿಯಲ್ಲಿ ಇನ್ನೊಂದಿರಲಿಲ್ಲ. ಬೆರಳಿಗೆ ಗಾಜಿನ ಕೊಳವೆ ಸಿಕ್ಕಿಸಿ ಅವನು ತಂತಿಯ ಮೇಲೆ ಜಾರಿಸಿದರೆ ಗಿಟಾರು ಅಳುತ್ತಿತ್ತು, ಬೈಯುತ್ತಿತ್ತು, ಮತ್ತೆ ತಾನೇ ಸಮಾಧಾನ ಹೇಳುತ್ತಿತ್ತು. ಹಿಂದೆ ಹೋಸಿಯಾನ ಡ್ರಮ್ಮು, ಪಕ್ಕದಲ್ಲಿ ಬೇಸ್ ಗಿಟಾರು ಸೇರಿದರೆ ಅವಳ ಪುಟ್ಟ ಪಬ್ಬಿನ ಗೋಡೆಗಳೇ ಕುಣಿಯುತ್ತಿದ್ದವು. ಆದರೆ ಎರಡು ವರ್ಷದಿಂದ ಜನ ನೋಡುತ್ತಿದ್ದದ್ದು ಅವನ ಬೆನ್ನನ್ನು ಮಾತ್ರ. ಹಿಂದಿನ ಕಾಲದ ವಾದಕರು ಎದುರಾಳಿಗಳು ಕೈಚಳಕ ಕದ್ದಾರೆಂದು ಹೀಗೆ ಕೂರುತ್ತಿದ್ದರಂತೆ. ಇವನಿಗೂ ಅದೇ ರೋಗ ಎಂದುಕೊಂಡಿದ್ದಳು ವರ್ನೀಸ್.

ಅಂದು ಷಿಕಾಗೋದ ಸಂಗೀತೋತ್ಸವದಿಂದ ಒಬ್ಬ ಹೆಂಗಸು ಬಂದಿದ್ದಳು. ಮಿಸ್ ಡನ್ಲಪ್ ಎಂದು ಹೆಸರು. ಕಣ್ಣು ಮುಚ್ಚಿ ಕೇಳಿದಳು, ಕಣ್ಣು ತೆರೆದು ಮುಖ ಸಿಂಡರಿಸಿದಳು.

"ಜನ ಬರೋದೇ ಆ ಕೈ ನೋಡೋಕೆ, ವರ್ನೀಸ್. ಬೆನ್ನು ನೋಡೋಕಲ್ಲ. ಮುಂದಿನ ಭಾನುವಾರ ಇನ್ನೊಂದ್ಸಲ ಬರ್ತೀನಿ. ತಿರುಗಿ ಕೂತ್ರೆ, ಅವತ್ತು ವೇದಿಕೆ ಮೇಲಿರೋ ಬ್ಯಾಂಡನ್ನ ಹಾಗೇ ಕರ್ಕೊಂಡು ಹೋಗ್ತೀನಿ. ಇಲ್ದಿದ್ರೆ ಇಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗಾಯಿತು.

"ಯಾರು ಕದೀತಾರೋ ನಿನ್ನ ವಿದ್ಯೇನ?" ಎಂದು ವರ್ನೀಸ್ ತಮ್ಮನ ಮೇಲೆ ಹರಿಹಾಯ್ದಳು. "ಎದುರಿಗೆ ಕೂತಿರೋರೆಲ್ಲ ಮೀನು ತಿನ್ನೋಕೆ ಬಂದಿರೋರು!"

"ಹೋಸಿಯಾನ ಎದುರಿಗೆ ಕೂತ್ರೇನೆ ನಂಗೆ ಸರಿಹೋಗೋದು, ಅಕ್ಕ."

"ಏನಿದೆಯೋ ಆ ಮುಖದಲ್ಲಿ? ನಾನೂ ನೋಡಿದೀನಿ. ನೋಡೋ ಅಂಥದ್ದೇನಿಲ್ಲ!"

ಟಾಲ್ಮೇಜ್ ನಕ್ಕ. ಆದರೆ ವರ್ನೀಸಳ ತಲೆಯಲ್ಲಿ ಹುಳ ಹೊಕ್ಕಿತು. ಹೋಸಿಯಾ! ಈಚೆಗೆ ಅವನದು ಬಲು ಠೇಂಕಾರ. ಅಡುಗೆಮನೆಯಿಂದ ಎಷ್ಟು ಕೂಗಿದರೂ ದೊರೆ ತಿರುಗಿ ನೋಡುವುದಿಲ್ಲ. ವೇದಿಕೆಯ ಮೇಲೆ ಬೂಟು ಬಿಚ್ಚಿ ಬರಿಗಾಲಲ್ಲಿ ಕೂರುತ್ತಾನೆ. ಒಮ್ಮೆ ವೇದಿಕೆಯ ಬಲ್ಬು ಸುಟ್ಟು ಕತ್ತಲಾದಾಗ ಗಿಟಾರು ನಿಲ್ಲಲಿಲ್ಲ, ಬೇಸು ನಿಲ್ಲಲಿಲ್ಲ, ಅವನ ಡ್ರಮ್ಮು ಮಾತ್ರ ನಿಂತುಹೋಗಿತ್ತು. ಟಾಲ್ಮೇಜ್ ಅವನೆದುರು ಮೊಣಕೈ ಎತ್ತೆತ್ತಿ, ನೆಲ ಅದುರುವಂತೆ ಕಾಲು ಬಡಿಯುವುದು ಏಕೆಂದು ಈಗ ಅವಳಿಗೆ ಹೊಳೆಯಿತು. ಆಸಾಮಿ ಕುಡಿದು ಬರುತ್ತಾನೆ. ತೂಕಡಿಸದಂತೆ ತಮ್ಮ ಅವನನ್ನು ಕಾಯುತ್ತಿದ್ದಾನೆ. ಒಬ್ಬ ಕುಡುಕನಿಗಾಗಿ ಅಂಥ ಕೈ ಈ ಊರಲ್ಲೇ ಮಣ್ಣಾಗಬೇಕೇ? ಅವಳಿಗೆ ಅಳುವೇ ಬಂತು.

ವಾರದ ನಡುವೆ ಹೋಸಿಯಾನ ಮನೆಗೆ ಹೋದಳು. ಅವನು ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ. ಅವಳು ಎದುರಿಗೆ ಬಂದು ನಿಂತ ಮೇಲೇ ತಲೆಯೆತ್ತಿದ.

"ಈ ಭಾನುವಾರ ಬರಬೇಡ ಹೋಸಿಯಾ. ಪಬ್ಬಿನ ನೆಲ ಕಿತ್ತು ಹೊಸದು ಹಾಕಿಸ್ತಿದೀನಿ."

ಅವನು ಅವಳ ತುಟಿಯನ್ನೇ ದಿಟ್ಟಿಸಿದ. ಸುಳ್ಳು ಸಿಕ್ಕಿಬಿತ್ತೇನೋ ಎಂದು ವರ್ನೀಸ್ ಹೆದರಿದಳು.

"ಟಾಲ್ಮೇಜ್‌ಗೆ ಗೊತ್ತಾ?"

"ಅವನೇ ಹೇಳಿ ಕಳ್ಸಿದ್ದು."

ಹೋಸಿಯಾನ ಕೈ ಬಟಾಣಿಯ ಬುಟ್ಟಿಯಲ್ಲೇ ನಿಂತಿತು. "ಹಂಗಾ. ಒಂದಲ್ಲ ಒಂದಿನ ಅವನಿಗೂ ಸಾಕಾಗುತ್ತೆ ಅಂತ ಗೊತ್ತಿತ್ತು ವರ್ನೀಸಕ್ಕ. ಬೇಜಾರಿಲ್ಲ ಅಂತ ಹೇಳು."

ಕುಡುಕನಿಗೂ ಇಷ್ಟು ಮಾನ ಇದೆಯಲ್ಲ ಎಂದುಕೊಂಡು ಅವಳು ಬೇಗ ಬೇಗ ಹೊರಟುಬಂದಳು.

ಭಾನುವಾರ ಡ್ರಮ್ಮಿನ ಹಿಂದೆ ಕೂತವನು ಚರ್ಚಿನ ವಾದಕ ಪರ್ವಿಸ್.

"ಹೋಸಿಯಾ ಎಲ್ಲಿ?" ಎಂದ ಟಾಲ್ಮೇಜ್.

"ಮೈ ಸರಿಯಿಲ್ಲವಂತೆ. ಬಾರಿಸೋ ಮಾರಾಯ, ಜನ ಕಾಯ್ತಿದಾರೆ."

ಟಾಲ್ಮೇಜ್ ಬಾಗಿಲ ಕಡೆ ನೋಡಿದ. ಆಮೇಲೆ ಸೀದಾ ಹೋಗಿ ಮೊಳೆ ಹೊಡೆದ ಕುರ್ಚಿಯಲ್ಲಿ ಜನರಿಗೆ ಎದುರಾಗಿ ಕೂತ.

ಪಬ್ಬಿಗೆ ಪಬ್ಬೇ ಸಿಳ್ಳೆ ಹಾಕಿತು. ಗಾಜಿನ ಕೊಳವೆ ತಂತಿಯ ಮೇಲೆ ಜಾರಿದ್ದನ್ನು, ನಡುಗಿದ್ದನ್ನು, ಸ್ವರದ ಅಂಚಿಗೆ ಹೋಗಿ ಮುಟ್ಟದೆ ಹಿಂದೆ ಬಂದದ್ದನ್ನು ಎಲ್ಲರೂ ಕಣ್ಣಾರೆ ಕಂಡರು. "ಹೇಳು ಟಾಲ್ಮೇಜ್, ಹೇಳು!" ಎಂದು ಮುದುಕಿಯರು ಎದ್ದು ನಿಂತರು. ಮಿಸ್ ಡನ್ಲಪ್ ಮೀನಿನ ತಟ್ಟೆ ಮುಟ್ಟಲಿಲ್ಲ.

"ಆಯ್ತು ವರ್ನೀಸ್," ಎಂದಳು ಕೊನೆಗೆ. "ಇವತ್ತಿನ ಬ್ಯಾಂಡ್ ಹೇಗಿದೆಯೋ ಹಾಗೇ ಬರ್ಲಿ. ಡ್ರಮ್ಮಿನೋರೂ ಇವರೇ ಇರ್ಲಿ." ಪರ್ವಿಸ್‌ನ ಕೈ ಕುಲುಕಿ ಹೊರಟಳು.

ವರ್ನೀಸ್ ತಮ್ಮನನ್ನು ತಬ್ಬಿಕೊಂಡಳು. ಮರುಕ್ಷಣವೇ ಎರಡು ವರ್ಷದ ಸಿಟ್ಟು ಒಟ್ಟಿಗೆ ಉಕ್ಕಿ ಬಂತು.

"ಜೀವ ತಿಂದ್ಯಲ್ಲೋ ಪಾಪಿ! ತಿರುಗೋಕೆ ಇಷ್ಟು ಸುಲಭ ಇತ್ತಾ? ಆ ಕುಡುಕನ್ನ ಕಾಯೋದು ತಪ್ಪಿದ್ರೆ ನೀನು ಸರಿಹೋಗ್ತೀಯ ಅಂತ ನಾನೇ ಅವನನ್ನ ಬರಬೇಡ ಅಂದೆ. ನೀನೇ ಹೇಳಿ ಕಳ್ಸಿದ್ದು ಅಂತಲೂ ಹೇಳ್ದೆ. ತಪ್ಪೇನಾಯ್ತೀಗ?"

ಟಾಲ್ಮೇಜ್‌ನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

"ಹೋಸಿಯಾ ಒಂದು ಹನೀನೂ ಮುಟ್ಟಲ್ಲ ಅಕ್ಕ. ಎರಡು ವರ್ಷದಿಂದ ಅವನಿಗೆ ಕಿವಿ ಒಂಚೂರೂ ಕೇಳಿಸಲ್ಲ, ನನ್ನ ಕೈ ನೋಡ್ಕೊಂಡು ಬಾರಿಸ್ತಿದ್ದ."