ಮೂರು ಮರದೆತ್ತರ

ಎರಡು ದಿನದಿಂದ ದೇವರಾಜ ವಿಜಯಪುರವನ್ನು ಅಡಿಕೆ ಮರದ ಲೆಕ್ಕದಲ್ಲಿ ಅಳೆಯುತ್ತಿದ್ದ. ಉಪ್ಪಲಿ ಬುರುಜು ಒಂದೂವರೆ ಮರ. ಇಬ್ರಾಹಿಂ ರೋಜಾದ ಮಿನಾರು ಹೆಚ್ಚುಕಡಿಮೆ ಅಷ್ಟೇ. ಮೂರನೆಯ ದಿನ ಬೆಳಿಗ್ಗೆ ಗೋಲಗುಂಬಜದ ಬುಡದಲ್ಲಿ ನಿಂತು ಕತ್ತೆತ್ತಿದವನು ಬೆರಳು ಮಡಚಿ ಎಣಿಸತೊಡಗಿದ.

"ಎಷ್ಟು ಮರ?" ಅವನ ಹೆಂಡತಿ ಅಂಬಿಕಾ ಕೇಳಿದಳು.

"ಮೂರು. ಒಂದರ ತಲೆ ಮೇಲೆ ಒಂದು ನಿಲ್ಸಬೇಕು ಮಾರಾಯ್ತಿ."

"ಹತ್ತಿ ನಿಲ್ಸೋರು ಯಾರು?"

ಅವಳು ತಮಾಷೆಗೆ ಕೇಳಿದ್ದು. ಅವನು ನಗಲಿಲ್ಲ. ಮಲೆನಾಡಿನ ತನ್ನೂರು ಅಡ್ಡಗದ್ದೆಯ ತೋಟಗಳಲ್ಲಿ ಹದಿನೈದು ವರ್ಷ ಮರ ಹತ್ತಿ ಅಡಿಕೆ ಗೊನೆ ಕೊಯ್ದವನು ಅವನು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ದಾಟುತ್ತಿದ್ದ. ಹೋದ ವರ್ಷ ಮರ ಮುರಿದು ಬಿದ್ದ. ಮುರಿದ ಪಕ್ಕೆಲುಬು ಕೂಡಿಕೊಂಡಿತ್ತು. ಮತ್ತೆ ಹತ್ತುತ್ತೀಯಾ ಎಂದು ಯಾರು ಕೇಳಿದರೂ "ಹತ್ತದೆ ಮತ್ತೆಂತ" ಎನ್ನುತ್ತಿದ್ದ.

ಗೋಪುರದೊಳಗಿನ ಕಡಿದಾದ ಮೆಟ್ಟಿಲುಗಳನ್ನು ಸುತ್ತಿ ಸುತ್ತಿ ಹತ್ತಿ ಗುಮ್ಮಟದ ಸುತ್ತಲಿನ ತಾರಸಿಗೆ ಬಂದಾಗ ಊರೆಲ್ಲ ಕಾಲ ಕೆಳಗಿತ್ತು. ಒಂದೂ ಗುಡ್ಡ ಅಡ್ಡ ಬಾರದ ಭೂಮಿಯನ್ನು ಅಂಬಿಕಾ ಕಂಡಿರಲಿಲ್ಲ. ನೋಡುತ್ತ ನೋಡುತ್ತ ತನ್ನ ಕಣ್ಣೇ ದೊಡ್ಡದಾದಂತೆ ಅನಿಸಿತು. ಅಷ್ಟರಲ್ಲಿ ದೇವರಾಜನ ಫೋನು ಬಡಿದುಕೊಂಡಿತು. ತೋಟದ ಒಡೆಯ ಉಮಾಮಹೇಶ್ವರಯ್ಯ. ಅವರ ಮಾತು ಫೋನಿನಿಂದ ಎರಡು ಮಾರು ಆಚೆಗೂ ಕೇಳಿಸುವಂಥದ್ದು.

"ದೇವರಾಜಾ, ಸೋಮವಾರ ಕೊಯ್ಲು ಶುರು. ನೀನು ಹತ್ತುತೀಯಾ, ಇಲ್ಲ ದೋಟಿ ತರಿಸ್ಲಾ? ಈಗ ಎಲ್ಲ ಕೆಳಗೆ ನಿಂತೇ ಆ ಉದ್ದ ಕೋಲಲ್ಲಿ ಕೊಯ್ತಾರೆ."

"ದೋಟಿ ಎಂತಕ್ಕೆ ಅಯ್ಯ, ನಾನಿಲ್ವಾ," ಎಂದ ದೇವರಾಜ. ಫೋನನ್ನು ಜೇಬಿಗೆ ಹಾಕಿ, ಅವಳ ಮುಖ ನೋಡದೆ ಗುಮ್ಮಟದ ಸಣ್ಣ ಬಾಗಿಲಲ್ಲಿ ನುಗ್ಗಿದ.

ಹಿಂದೆಯೇ ಒಳಗೆ ಕಾಲಿಟ್ಟ ಅಂಬಿಕಾ ಗೋಡೆ ಹಿಡಿದು ನಿಂತಳು. ಒಂದು ಕಂಬವಿಲ್ಲ. ಆಕಾಶವನ್ನೇ ಕವುಚಿ ಹಾಕಿದಂತೆ ಮೇಲೆ ಗುಮ್ಮಟ, ಕೆಳಗೆ ಆಳದಲ್ಲಿ ಸಮಾಧಿಗಳು, ನಡುವೆ ಗೋಡೆಗೆ ಅಂಟಿದ ಉಂಗುರದಂಥ ಓಣಿಯಲ್ಲಿ ಅವರಿಬ್ಬರು. ಅವಳ ಬಳೆಯ ಸದ್ದು ಹೋಗಿ ತಿರುಗಿ ಬಂತು, ಮತ್ತೆ ಬಂತು, ಇನ್ನೊಮ್ಮೆ ಬಂತು. ಅವಳು ಬಳೆಗಳನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಇಷ್ಟು ಎತ್ತರ ಇದ್ದೂ ತೂಗಲ್ಲ ನೋಡು," ಎಂದ ದೇವರಾಜ. ಅವನು ಕಂಡ ಎತ್ತರಗಳೆಲ್ಲ ಗಾಳಿಗೆ ತೂಗುವಂಥವು. ಓಣಿಯ ಗುಂಟ ಒಬ್ಬನೇ ನಡೆದುಹೋದ.

ಬಾಗಿಲ ಬಳಿಯಿದ್ದ ಕಾವಲುಗಾರ ಅಂಬಿಕಾಳಿಗೆ ಸನ್ನೆ ಮಾಡಿದ. "ಅಕ್ಕಾರ, ಇಲ್ಲಿ ಕೂಡ್ರಿ. ಗ್ವಾಡಿಗೆ ಕಿವಿ ಹಚ್ರಿ. ಯಜಮಾನ್ರು ಆ ಕಡೆ ಪಿಸುಗುಟ್ಟಿದ್ರೂ ನಿಮಗ ಕೇಳಸ್ತದ." ಅಷ್ಟು ಹೇಳಿ ಅವನು ಹೊರಗೆ ಹೋದ. ಅರ್ಧ ಸುತ್ತು ದಾಟಿದ್ದ ದೇವರಾಜನಿಗೆ ಇದು ಗೊತ್ತಾಗಲಿಲ್ಲ.

ಎದುರಿನಲ್ಲಿ ಅವನು ಬೆರಳಿನಷ್ಟು ಕಾಣುತ್ತಿದ್ದ. ಗೋಡೆಗೆ ಅಂಗೈ ಒತ್ತಿದ, ಹಣೆ ತಾಗಿಸಿದ. ಮರ ಹತ್ತುವ ಮೊದಲು ಅವನು ಹಾಗೆ ಮಾಡುವುದನ್ನು ಅವಳು ನೋಡಿದ್ದಳು. ಮರಕ್ಕೆ ಏನೋ ಹೇಳುತ್ತಾನೆ, ಏನೆಂದು ಅವಳು ಯಾವತ್ತೂ ಕೇಳಿರಲಿಲ್ಲ.

ಕಿವಿಯ ಪಕ್ಕದಲ್ಲೇ, ಒಂದೇ ದಿಂಬಿನ ಮೇಲೆ ತಲೆಯಿಟ್ಟವನ ಮಾತಿನಂತೆ, ಅವನ ಧ್ವನಿ ಬಂತು.

"ನನ್ ಕೈಲಿ ಆಗಲ್ಲ. ಮರ ಕಂಡ್ರೆ ಕಾಲು ನಡುಗ್ತದೆ. ಇವಳಿಗೆ ಹೆಂಗೆ ಹೇಳದು."

ಅಂಬಿಕಾ ಯಾರ ಎದುರೂ ಧ್ವನಿ ಎತ್ತಿದವಳಲ್ಲ. ಇಲ್ಲಿ ಎತ್ತಬೇಕಾಗಿಯೂ ಇರಲಿಲ್ಲ. ತುಟಿಯನ್ನು ಗೋಡೆಯ ಹತ್ತಿರ ತಂದು, "ಹೇಳಿ ಆಯ್ತಲ್ಲ" ಎಂದಳು.

ದೇವರಾಜ ಬೆಚ್ಚಿ ಹಿಂದೆ ಸರಿದ. ಮೊದಲು ಗುಮ್ಮಟವನ್ನು ನೋಡಿದ, ಆಮೇಲೆ ಬೆನ್ನ ಹಿಂದೆ, ಕೊನೆಗೆ ಎದುರಿಗೆ ಗೋಡೆಗೆ ಆತು ಕುಳಿತಿದ್ದ ಅವಳನ್ನು. ಮೆಲ್ಲಗೆ ಮತ್ತೆ ಗೋಡೆಗೆ ಬಾಗಿದ.

"ನಿಂಗೆ ಕೇಳ್ತಾ?"

"ಕೇಳ್ತು."

"ಎಲ್ಲ?"

"ಎಲ್ಲ."

ಎಲ್ಲೋ ಒಂದು ಪಾರಿವಾಳ ಹಾರಿತು. ಹತ್ತು ಪಾರಿವಾಳ ಹಾರಿದಷ್ಟು ಸದ್ದಾಯಿತು. ಅದು ಪೂರ್ತಿ ಅಡಗಿದ ಮೇಲೆ ಅವನ ಧ್ವನಿ ಮತ್ತೆ ಬಂತು.

"ನಗ್ತಿದೀಯಾ?"

"ಇಲ್ಲ."

"ಅಯ್ಯಂಗೆ ನೀನೇ ಒಂದ್ ಮಾತು ಹೇಳು. ಜ್ವರ ಅಂತ ಹೇಳು."

"ಸೋಮವಾರ ಜ್ವರ ಅಂದ್ರೆ ಮಂಗಳವಾರ ಎಂತ ಹೇಳದು? ನೀವೇ ಹೇಳಿ. ಈಗ ಹೇಳಿದ್ರಲ್ಲ, ಹಂಗೇ."

ಮೆಟ್ಟಿಲ ಕಡೆಯಿಂದ ಶಾಲೆಯ ಮಕ್ಕಳ ಗುಂಪು ನುಗ್ಗಿತು. ಒಬ್ಬೊಬ್ಬರ ಕೂಗನ್ನೂ ಏಳೆಂಟು ಪಾಲು ಮಾಡಿ ಗುಮ್ಮಟ ತಿರುಗಿಸತೊಡಗಿತು. ದೇವರಾಜ ಸುತ್ತು ಮುಗಿಸಿ ಬಂದು ಅವಳೆದುರು ಒಂದು ಗಳಿಗೆ ನಿಂತ. ಹಾಗೆಯೇ ಹೊರಗಿನ ಬಿಸಿಲಿಗೆ ನಡೆದು ಫೋನು ತೆಗೆದ. ಅವಳೂ ಹೋಗಿ ಪಕ್ಕದಲ್ಲಿ ನಿಂತಳು.

"ಅಯ್ಯ, ದೋಟಿ ತರ್ಸಿ. ಕಲಿತೀನಿ. ಮರ ಹತ್ತಲ್ಲ ನಾನು ಇನ್ನು."

"ಯಾಕೋ? ಈಗ ತಾನೇ ಬೇರೆ ಹೇಳಿದ್ದೆ. ಪಕ್ಕೆ ನೋವು ಇನ್ನೂ ಇದ್ಯಾ?"

ಹೌದು ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದೇವರಾಜ ಅಂಬಿಕಾಳನ್ನು ನೋಡಿದ, ಆಮೇಲೆ ಮೂರು ಮರದ ಕೆಳಗಿದ್ದ ನೆಲವನ್ನು ನೋಡಿದ.

"ನೋವಿಲ್ಲ ಅಯ್ಯ," ಎಂದ. "ಹೆದ್ರಿಕೆ."